ನಿಯಮ ಮತ್ತು ಪ್ರಯೋಗ: ಕನ್ನಡ ಪಠ್ಯವನ್ನು ತಿದ್ದುವ ಸೆಡ್ ಸ್ಕ್ರಿಪ್ಟ್‌ಗಳ ಹಿನ್ನಡೆ ಪರೀಕ್ಷೆ

ಸಾರಾಂಶ

ಕ್ಷೇತ್ರಕಾರ್ಯದಿಂದಲೂ ಮುದ್ರಿತ ಮೂಲಗಳಿಂದಲೂ ಸಂಗ್ರಹಿಸಿದ ಕನ್ನಡ ಪಠ್ಯವನ್ನು ವಿಶ್ಲೇಷಣೆಗೆ ಮುನ್ನ ಏಕರೂಪಗೊಳಿಸಲು ಸಂಶೋಧಕರು ಕಮಾಂಡ್ ಲೈನ್ ಉಪಕರಣಗಳನ್ನು, ವಿಶೇಷವಾಗಿ ಸೆಡ್ ಅನ್ನು, ಬಳಸುತ್ತಾರೆ. ಇಂಥ ಸ್ಕ್ರಿಪ್ಟ್‌ನ ಒಂದೊಂದು ಸಾಲೂ ಭಾಷೆಯ ಬಗೆಗಿನ ಒಂದು ಪ್ರತಿಪಾದನೆ. ಆದ್ದರಿಂದ ಅದಕ್ಕೆ ಉದಾಹರಣೆ ಮತ್ತು ಪ್ರತ್ಯುದಾಹರಣೆಗಳ ಆಧಾರ ಇರಬೇಕು ಎಂಬುದು ಈ ಲೇಖನದ ವಾದ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶದ ಸ್ಥಳನಾಮ ಮತ್ತು ಆಡುರೂಪಗಳನ್ನು ನಿದರ್ಶನವಾಗಿಟ್ಟುಕೊಂಡು, ಶೆಲ್ ಸ್ಕ್ರಿಪ್ಟ್ ಮೂಲಕ ನಡೆಸುವ ಹಿನ್ನಡೆ ಪರೀಕ್ಷೆಯ ರಚನೆಯನ್ನು ಇಲ್ಲಿ ವಿವರಿಸಲಾಗಿದೆ.

ಕೀಲಿಪದಗಳು: ಪಠ್ಯಸಂಚಯ, ಸೆಡ್, ಹಿನ್ನಡೆ ಪರೀಕ್ಷೆ, ಯುನಿಕೋಡ್, ನಿಯಮಗಳ ಅನುಕ್ರಮ, ಸ್ಥಳನಾಮ

೧. ಪೀಠಿಕೆ

ಒಂದು ತಂತ್ರಾಂಶದಲ್ಲಿ ಹೊಸ ತಿದ್ದುಪಡಿ ಮಾಡಿದಾಗ, ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಭಾಗವೊಂದು ಕೆಡುವುದುಂಟು. ಹಾಗೆ ಕೆಟ್ಟಿಲ್ಲವೆಂದು ಪ್ರತಿ ತಿದ್ದುಪಡಿಯ ನಂತರವೂ ಖಚಿತಪಡಿಸಿಕೊಳ್ಳುವ ಕ್ರಮವನ್ನು ತಂತ್ರಾಂಶ ಕ್ಷೇತ್ರದಲ್ಲಿ ರಿಗ್ರೆಶನ್ ಟೆಸ್ಟಿಂಗ್ ಎನ್ನುತ್ತಾರೆ. ಇಲ್ಲಿ ಅದನ್ನು ಹಿನ್ನಡೆ ಪರೀಕ್ಷೆ ಎಂದು ಕರೆದಿದೆ.

ಭಾಷಾವಿಜ್ಞಾನಿಗೆ ಇದು ಅಪರಿಚಿತ ಕಲ್ಪನೆಯೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಅಂಗಗಳಿವೆ. ಸೂತ್ರವು ನಿಯಮವನ್ನು ಹೇಳುತ್ತದೆ, ವೃತ್ತಿಯು ಅದನ್ನು ಬಿಡಿಸುತ್ತದೆ, ಪ್ರಯೋಗವು ಅದು ಭಾಷೆಯಲ್ಲಿ ನಡೆಯುವುದನ್ನು ತೋರಿಸುತ್ತದೆ. ಪಠ್ಯವನ್ನು ತಿದ್ದುವ ಸ್ಕ್ರಿಪ್ಟ್‌ಗಳಲ್ಲಿ ಸಾಮಾನ್ಯವಾಗಿ ಸೂತ್ರ ಮಾತ್ರ ಇರುತ್ತದೆ. ವೃತ್ತಿ ಅಪರೂಪ, ಪ್ರಯೋಗ ಇಲ್ಲವೇ ಇಲ್ಲ. ಹಿನ್ನಡೆ ಪರೀಕ್ಷೆಯೆಂದರೆ ಆ ಎರಡು ಅಂಗಗಳನ್ನು ಪೂರೈಸಿ, ಪ್ರಯೋಗಗಳನ್ನು ಯಂತ್ರವೇ ಮತ್ತೆ ಮತ್ತೆ ಪರಿಶೀಲಿಸುವಂತೆ ಮಾಡುವುದು.

ಇದರ ಅಗತ್ಯ ಕೇವಲ ಅಚ್ಚುಕಟ್ಟುತನದ್ದಲ್ಲ. ಪಠ್ಯಸಂಚಯದಲ್ಲಿ ಒಂದು ರೂಪ ಎಷ್ಟು ಬಾರಿ ಬಂದಿದೆ, ಎಲ್ಲಿ ಬಂದಿದೆ ಎಂಬುದರ ಮೇಲೆ ಉಪಭಾಷೆಯ ಬಗೆಗಿನ ತೀರ್ಮಾನ ನಿಂತಿರುತ್ತದೆ. ತಿದ್ದುವ ಉಪಕರಣವು ಸದ್ದಿಲ್ಲದೆ ಒಂದು ರೂಪವನ್ನು ಅಳಿಸಿದರೆ ಅಥವಾ ಭಾಷೆಯಲ್ಲಿಲ್ಲದ ರೂಪವೊಂದನ್ನು ಸೃಷ್ಟಿಸಿದರೆ, ಪ್ರಬಂಧದ ಕೋಷ್ಟಕದಲ್ಲಿ ಅದು ಭಾಷೆಯ ಸಂಗತಿಯಾಗಿಯೇ ಕಾಣಿಸಿಕೊಳ್ಳುತ್ತದೆ. ಓದುಗರಿಗಾಗಲಿ ಪರೀಕ್ಷಕರಿಗಾಗಲಿ ಅದನ್ನು ಪತ್ತೆಹಚ್ಚುವ ದಾರಿ ಇರುವುದಿಲ್ಲ.

೨. ಸೆಡ್ ಮತ್ತು ಪರೀಕ್ಷೆಯ ಮೂಲ ರೂಪ

ಸೆಡ್ ಎಂಬುದು ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮಹಾನ್ ಅವರು ೧೯೭೩–೭೪ರ ಅವಧಿಯಲ್ಲಿ ರೂಪಿಸಿದ ಪಠ್ಯಸಂಪಾದಕ. ಇದರಲ್ಲಿ ತೆರೆಯ ಮೇಲೆ ಕಡತವನ್ನು ತೆರೆದು ತಿದ್ದುವ ಕ್ರಮವಿಲ್ಲ. ಪಠ್ಯವು ಸಾಲುಸಾಲಾಗಿ ಒಳಬರುತ್ತದೆ. ಪ್ರತಿ ಸಾಲಿಗೂ ಸ್ಕ್ರಿಪ್ಟ್‌ನ ಆದೇಶಗಳು ಮೇಲಿನಿಂದ ಕೆಳಕ್ಕೆ ಅನ್ವಯವಾಗುತ್ತವೆ. ತಿದ್ದಿದ ಸಾಲು ಹೊರಹೋಗುತ್ತದೆ. ಇದೇ ಕಾರಣಕ್ಕೆ ಪರೀಕ್ಷೆಗೆ ಅದು ಅನುಕೂಲಕರ: ಒಳಬಂದ ಪಠ್ಯ, ಸ್ಕ್ರಿಪ್ಟ್, ಸುತ್ತಲಿನ ಲೊಕೇಲ್ ಇಷ್ಟು ಒಂದೇ ಆಗಿದ್ದರೆ ಹೊರಬರುವ ಪಠ್ಯವೂ ಒಂದೇ ಆಗಿರಬೇಕು.

ಗ್ನೂ ಸೆಡ್‌ನ ಮೂಲಕಡತಗಳೊಂದಿಗೆ ಅದರದೇ ಪರೀಕ್ಷಾಕೋಶವೂ ಬರುತ್ತದೆ. ಅದರ ಹಳೆಯ ಪರೀಕ್ಷೆಗಳ ಕ್ರಮ ಸರಳವಾದುದು: ಒಂದು ಕಡತದಲ್ಲಿ ಸೆಡ್ ಆದೇಶ, ಎರಡನೆಯದರಲ್ಲಿ ಒಳಪಠ್ಯ, ಮೂರನೆಯದರಲ್ಲಿ ಬರಬೇಕಾದ ಸರಿಯಾದ ಪಠ್ಯ. ಸೆಡ್ ಅನ್ನು ನಡೆಸಿ, ಬಂದದ್ದನ್ನು ಮೂರನೆಯ ಕಡತದೊಡನೆ ಹೋಲಿಸಿದರೆ ಪರೀಕ್ಷೆ ಮುಗಿಯಿತು. ನಮ್ಮ ಕೆಲಸಕ್ಕೆ ಇದೇ ಮಾದರಿ ಸಾಕು. ಭೇದವಿಷ್ಟೇ: ಅಲ್ಲಿ ಪರೀಕ್ಷೆಗೆ ಒಳಗಾಗುವುದು ಸೆಡ್ ಎಂಬ ಉಪಕರಣ; ಇಲ್ಲಿ ಒಳಗಾಗುವುದು ಅದರ ಮೂಲಕ ನಾವು ಹೇಳಿದ ಭಾಷಾನಿಯಮ.

೩. ‘ಹೊಸಪೇಟೆ’ಯ ನಾಲ್ಕು ಬರವಣಿಗೆಗಳು

ಕಣ್ಣಿಗೆ ಒಂದೇ ಆಗಿ ಕಾಣುವ ಪದ ಯಂತ್ರಕ್ಕೆ ಒಂದೇ ಆಗಿರಬೇಕೆಂದಿಲ್ಲ. ಯುನಿಕೋಡ್‌ನಲ್ಲಿ ಒಕಾರದ ಚಿಹ್ನೆಗೆ ಸ್ವತಂತ್ರ ಸಂಕೇತಬಿಂದುವಿದೆ. ಎತ್ವ ಮತ್ತು ಕೊಂಬಿನಿಳಿಗಳನ್ನು ಒಂದರ ನಂತರ ಒಂದಾಗಿ ಬರೆದರೂ ಅದೇ ಒಕಾರ ಮೂಡುತ್ತದೆ. ಏಕಾರವನ್ನೂ ಹಾಗೆಯೇ ಒಂದೇ ಬಿಂದುವಾಗಿ ಅಥವಾ ಎತ್ವ ಮತ್ತು ದೀರ್ಘವಾಗಿ ಬರೆಯಬಹುದು. ಈಕಾರವನ್ನು ಒಂದೇ ಬಿಂದುವಾಗಿ ಅಥವಾ ಗುಡಿಸು ಮತ್ತು ದೀರ್ಘವಾಗಿ ಬರೆಯಬಹುದು. ಶಾಲೆಯಲ್ಲಿ ಗುಣಿತ ಹೇಳುವಾಗ ‘ಗುಡಿಸಿನ ದೀರ್ಘ’ ಎನ್ನುವ ಕ್ರಮವೂ ಯುನಿಕೋಡ್‌ನ ವಿಘಟಿತ ರೂಪವೂ ಇಲ್ಲಿ ಒಂದೇ.

‘ಹೊಸಪೇಟೆ’ ಎಂಬ ಪದದಲ್ಲಿ ಇಂಥ ಎರಡು ಚಿಹ್ನೆಗಳಿವೆ: ಹೊ ಮತ್ತು ಪೇ. ಆದ್ದರಿಂದ ಒಂದೇ ಆಕಾರದ ಈ ಪದಕ್ಕೆ ನಾಲ್ಕು ಬರವಣಿಗೆಗಳು ಸಾಧ್ಯ. ಪೂರ್ಣ ಸಂಯುಕ್ತ ರೂಪದಲ್ಲಿ ೭ ಸಂಕೇತಬಿಂದುಗಳು, ಯುಟಿಎಫ್-೮ರಲ್ಲಿ ೨೧ ಬೈಟ್‌ಗಳು. ಪೂರ್ಣ ವಿಘಟಿತ ರೂಪದಲ್ಲಿ ೯ ಸಂಕೇತಬಿಂದುಗಳು, ೨೭ ಬೈಟ್‌ಗಳು. ವಿಘಟಿತ ರೂಪ ಪುಸ್ತಕದಲ್ಲಷ್ಟೇ ಇರುವ ಸಾಧ್ಯತೆಯಲ್ಲ. ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಕಡತಗಳ ಹೆಸರನ್ನು ವಿಘಟಿತ ರೂಪದಲ್ಲಿಯೇ ಇಡುತ್ತಿತ್ತು. ಊರಿನ ಹೆಸರನ್ನೇ ಧ್ವನಿಮುದ್ರಿಕೆಯ ಕಡತಕ್ಕಿಟ್ಟು, ಆ ಹೆಸರುಗಳಿಂದ ಪಟ್ಟಿ ತಯಾರಿಸಿದರೆ ಈ ರೂಪಗಳು ಪಠ್ಯಸಂಚಯಕ್ಕೆ ಬಂದು ಸೇರುತ್ತವೆ.

ಆದ್ದರಿಂದ ಮೊದಲ ಪರೀಕ್ಷಾಪ್ರಕರಣ ಹೀಗಿರಬೇಕು: ಒಳಪಠ್ಯದ ನಾಲ್ಕು ಸಾಲುಗಳಲ್ಲಿ ‘ಹೊಸಪೇಟೆ’ಯ ನಾಲ್ಕು ಬರವಣಿಗೆಗಳು, ನಿರೀಕ್ಷಿತ ಪಠ್ಯದ ನಾಲ್ಕೂ ಸಾಲುಗಳಲ್ಲಿ ಸಂಯುಕ್ತ ರೂಪ. ಒಳಪಠ್ಯವನ್ನು ಕೀಲಿಮಣೆಯಿಂದ ಟೈಪಿಸಿದರೆ ನಾಲ್ಕೂ ಒಂದೇ ಆಗಿಬಿಡುವ ಸಂಭವವಿರುವುದರಿಂದ, ಬೈಟ್‌ಗಳ ಮೌಲ್ಯವನ್ನೇ ಕೊಟ್ಟು ಪ್ರಿಂಟ್‌ಎಫ್ ಆದೇಶದ ಮೂಲಕ ಆ ಕಡತವನ್ನು ಸೃಷ್ಟಿಸುವುದು ಕ್ಷೇಮ.

೪. ನಿಯಮಗಳ ಅನುಕ್ರಮ

ಸೆಡ್ ಸ್ಕ್ರಿಪ್ಟ್‌ನಲ್ಲಿ ನಿಯಮಗಳು ಒಂದರ ಫಲದ ಮೇಲೆ ಇನ್ನೊಂದು ನಡೆಯುತ್ತವೆ. ಧ್ವನಿಮಾವಿಜ್ಞಾನದಲ್ಲಿ ಫೀಡಿಂಗ್, ಬ್ಲೀಡಿಂಗ್ ಎಂದು ಗುರುತಿಸುವ ಸಂಬಂಧಗಳು, ಅಂದರೆ ಒಂದು ನಿಯಮವು ಮುಂದಿನದಕ್ಕೆ ಅವಕಾಶ ಒದಗಿಸುವುದು ಅಥವಾ ಅವಕಾಶ ಕಸಿಯುವುದು, ಇಲ್ಲಿಯೂ ಹಾಗೆಯೇ ಇವೆ.

‘ಹೋಬಳಿ’ ಎಂಬ ಪದದ ಓಕಾರದ ಪೂರ್ಣ ವಿಘಟಿತ ರೂಪದಲ್ಲಿ ಎತ್ವ, ಕೊಂಬಿನಿಳಿ, ದೀರ್ಘ ಎಂಬ ಮೂರು ಬಿಂದುಗಳಿರುತ್ತವೆ. ‘ಎತ್ವ ಮತ್ತು ಕೊಂಬಿನಿಳಿ ಸೇರಿ ಒಕಾರ’ ಎಂಬುದು ಒಂದು ನಿಯಮ. ‘ಒಕಾರ ಮತ್ತು ದೀರ್ಘ ಸೇರಿ ಓಕಾರ’ ಎಂಬುದು ಇನ್ನೊಂದು. ಈ ಕ್ರಮದಲ್ಲಿದ್ದರೆ ಮೊದಲನೆಯದು ಎರಡನೆಯದಕ್ಕೆ ಅವಕಾಶ ಒದಗಿಸುತ್ತದೆ. ಕ್ರಮ ತಿರುಗಿದರೆ ಒಕಾರದ ಪಕ್ಕದಲ್ಲಿ ದೀರ್ಘವೊಂದು ಹಾಗೆಯೇ ಉಳಿಯುತ್ತದೆ. ತೆರೆಯ ಮೇಲೆ ಪದ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಇನ್ನೂ ಗಂಭೀರವಾದ ನಿದರ್ಶನ ಆಡುರೂಪಗಳಿಗೆ ಸಂಬಂಧಿಸಿದ್ದು. ಉತ್ತರದ ಕನ್ನಡದಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದು ಪರಿಚಿತ: ಮನೆ–ಮನಿ. ಹುಡುಕಾಟದ ಅನುಕೂಲಕ್ಕಾಗಿ ಮೂಲಪಠ್ಯದ ಪಕ್ಕದಲ್ಲಿ ಶಿಷ್ಟರೂಪದ ಪದರವೊಂದನ್ನು ಸಿದ್ಧಪಡಿಸುವಾಗ ‘ಮನಿ’ಯನ್ನು ‘ಮನೆ’ ಮಾಡುವ ನಿಯಮವನ್ನು ಬರೆಯಬೇಕಾಗುತ್ತದೆ. ಅದು ಹಂತಹಂತವಾಗಿ ಹೀಗೆ ಬೆಳೆಯುತ್ತದೆ.

ಯಾವ ನಿರ್ಬಂಧವೂ ಇಲ್ಲದೆ ಬರೆದರೆ ‘ಗಮನಿಸು’ ಎಂಬುದು ‘ಗಮನೆಸು’ ಆಗುತ್ತದೆ, ‘ಜರ್ಮನಿ’ ಎಂಬುದು ‘ಜರ್ಮನೆ’ ಆಗುತ್ತದೆ. ಇವೆರಡನ್ನೂ ಪ್ರತ್ಯುದಾಹರಣೆಗಳಾಗಿ ಕೋಶಕ್ಕೆ ಸೇರಿಸಿ, ಹಿಂದೆಯೂ ಮುಂದೆಯೂ ಖಾಲಿಜಾಗ ಅಥವಾ ಸಾಲಿನ ಗಡಿ ಇರಬೇಕೆಂಬ ನಿರ್ಬಂಧ ಹಾಕಿದರೆ ಅವು ಸರಿಹೋಗುತ್ತವೆ. ಆದರೆ ‘ಮನಿ ಮನಿ ತಿರುಗಿದ’ ಎಂಬ ದ್ವಿರುಕ್ತಿಯಲ್ಲಿ ಮೊದಲ ಪದ ಮಾತ್ರ ಬದಲಾಗಿ ‘ಮನೆ ಮನಿ ತಿರುಗಿದ’ ಎಂದಾಗುತ್ತದೆ. ನಡುವಿನ ಖಾಲಿಜಾಗವನ್ನು ಮೊದಲ ಹೊಂದಿಕೆಯೇ ಬಳಸಿಕೊಂಡುಬಿಟ್ಟಿರುವುದರಿಂದ ಎರಡನೆಯ ಪದಕ್ಕೆ ಎಡಗಡಿ ಉಳಿಯುವುದಿಲ್ಲ. ದ್ವಿರುಕ್ತಿ ಹೇರಳವಾಗಿರುವ ಭಾಷೆಯಲ್ಲಿ ಇದು ಸಣ್ಣ ದೋಷವಲ್ಲ: ಎರಡು ಉಪಭಾಷೆಗಳ ರೂಪಗಳು ಒಂದೇ ಪದಗುಚ್ಛದಲ್ಲಿ ಬೆರೆತಿವೆ ಎಂಬ ಸುಳ್ಳು ಸಾಕ್ಷ್ಯ ಇದರಿಂದ ಹುಟ್ಟುತ್ತದೆ.

ಮನಿಗೆ, ಮನಿಯಾಗ ಮುಂತಾದ ವಿಭಕ್ತಿರೂಪಗಳೂ ಒಳಗೊಳ್ಳಬೇಕಾದುದರಿಂದ ಬಲಗಡಿಯ ನಿರ್ಬಂಧವನ್ನು ಕೈಬಿಟ್ಟು ಎಡಗಡಿಯನ್ನು ಮಾತ್ರ ಉಳಿಸಿದರೆ ದ್ವಿರುಕ್ತಿಯ ತೊಡಕು ನೀಗುತ್ತದೆ. ಈಗ ‘ಮನೀಷೆ’ಯನ್ನು ಪರಿಶೀಲಿಸಬೇಕು. ಈಕಾರ ಸಂಯುಕ್ತವಾಗಿದ್ದರೆ ತೊಂದರೆಯಿಲ್ಲ. ವಿಘಟಿತವಾಗಿದ್ದರೆ ಅಲ್ಲಿ ಗುಡಿಸು ಮತ್ತು ದೀರ್ಘ ಬೇರೆಬೇರೆಯಾಗಿರುವುದರಿಂದ ನಿಯಮವು ಗುಡಿಸನ್ನು ಎತ್ವವಾಗಿಸುತ್ತದೆ. ಎತ್ವದ ಪಕ್ಕದಲ್ಲಿ ಉಳಿದ ದೀರ್ಘ ಅದನ್ನು ಏಕಾರವಾಗಿಸುತ್ತದೆ. ಪದ ‘ಮನೇಷೆ’ ಆಗುತ್ತದೆ. ಪರಿಹಾರ ಈ ನಿಯಮದೊಳಗೆ ಇಲ್ಲ, ಅನುಕ್ರಮದಲ್ಲಿದೆ: ಸಂಯೋಜನೆಯ ನಿಯಮಗಳೆಲ್ಲವೂ ಆಡುರೂಪದ ನಿಯಮಗಳಿಗಿಂತ ಮೊದಲು ನಡೆಯಬೇಕು. ಮುಂದೆ ಯಾರಾದರೂ ಸ್ಕ್ರಿಪ್ಟ್‌ನ ಸಾಲುಗಳನ್ನು ಮರುಜೋಡಿಸಿದರೆ, ಹಾಗೇಕೆ ಮಾಡಬಾರದೆಂಬುದನ್ನು ನೆನಪಿಸುವುದು ವಿಘಟಿತ ‘ಮನೀಷೆ’ಯ ಪ್ರಕರಣವೊಂದೇ.

೫. ಅರ್ಕಾವತ್ತು, ಅನುಸ್ವಾರ ಮತ್ತು ಅಂಕಿಗಳು

ಕನ್ನಡದ ಒಂಬತ್ತರ ಅಂಕಿ ಅರ್ಕಾವತ್ತನ್ನು, ಸೊನ್ನೆ ಅನುಸ್ವಾರವನ್ನು ಹೋಲುತ್ತವೆ. ಆದ್ದರಿಂದ ‘ಕನಾ೯ಟಕ’, ‘ಕ೦ಪ್ಲಿ’ ಎಂಬಂಥ ಬರವಣಿಗೆಗಳು ಡಿಜಿಟಲ್ ಪಠ್ಯಗಳಲ್ಲಿ ಸಾಮಾನ್ಯ. ಇವನ್ನು ಸರಿಪಡಿಸುವ ನಿಯಮಗಳಿಗೆ ಪ್ರತ್ಯುದಾಹರಣೆಗಳು ಅತ್ಯಗತ್ಯ.

ಸೊನ್ನೆಯ ನಿಯಮ: ಅಕ್ಷರದ ಬೆನ್ನಿಗಿರುವ ಸೊನ್ನೆಯನ್ನು ಅನುಸ್ವಾರ ಮಾಡುವುದು. ‘ಕ೦ಪ್ಲಿ’ ಸರಿಹೋಗುತ್ತದೆ, ‘೧೦’ ಹಾಗೆಯೇ ಉಳಿಯುತ್ತದೆ. ಆದರೆ ಮಾದರಿಯೊಂದಕ್ಕೆ ‘ಕಂಪ್ಲಿ೦೫’ ಎಂಬ ಗುರುತು ಕೊಟ್ಟಿದ್ದರೆ ಅದು ‘ಕಂಪ್ಲಿಂ೫’ ಆಗುತ್ತದೆ. ಸೊನ್ನೆಯ ಮುಂದೆ ಅಂಕಿ ಇರಬಾರದೆಂಬ ನಿರ್ಬಂಧ ಇದಕ್ಕೆ ಸಾಕು.

ಒಂಬತ್ತರ ನಿಯಮ ಇಷ್ಟು ಸುಲಭವಲ್ಲ. ಅರ್ಕಾವತ್ತು ಬರವಣಿಗೆಯಲ್ಲಿ ವ್ಯಂಜನದ ನಂತರ ಬರುತ್ತದೆ, ಉಚ್ಚಾರಣೆಯಲ್ಲಿಯೂ ಯುನಿಕೋಡ್ ಕ್ರಮದಲ್ಲಿಯೂ ಮೊದಲು ಬರುತ್ತದೆ. ಹಿಂದಿನ ಒಂದು ವ್ಯಂಜನವನ್ನು ದಾಟಿ ರಕಾರವನ್ನು ಮುಂದಿಡುವ ನಿಯಮವು ‘ಕನಾ೯ಟಕ’ವನ್ನು ‘ಕರ್ನಾಟಕ’ ಮಾಡುತ್ತದೆ. ಆದರೆ ‘ಅಘ್ಯ೯’ವನ್ನು ‘ಅರ್ಘ್ಯ’ ಮಾಡುವ ಬದಲು ‘ಅಘ್ರ್ಯ’ ಮಾಡುತ್ತದೆ. ದಾಟಬೇಕಾದುದು ಒಂದು ವ್ಯಂಜನವನ್ನಲ್ಲ, ಇಡೀ ಸಂಯುಕ್ತಾಕ್ಷರವನ್ನು ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಇದನ್ನು ಸರಿಪಡಿಸಿದ ಮೇಲೂ ‘ಸೂಯ೯’ ಮತ್ತು ‘ಪುಟ೯’ ಉಳಿಯುತ್ತವೆ. ಮೊದಲನೆಯದು ‘ಸೂರ್ಯ’, ಎರಡನೆಯದು ಒಂಬತ್ತನೆಯ ಪುಟ. ಆಕಾರದಲ್ಲಿ ಇವೆರಡಕ್ಕೂ ಭೇದವಿಲ್ಲ. ಯಾವ ಮಾದರಿವಾಕ್ಯವೂ ಅವನ್ನು ಬೇರ್ಪಡಿಸಲಾರದು, ಪದಕೋಶದ ನೆರವು ಬೇಕು. ಇಂಥ ಕಡೆ ನಿರೀಕ್ಷಿತ ಫಲವನ್ನು ಹೀಗೆ ನಿಗದಿಪಡಿಸುವುದು ಯುಕ್ತ: ಪಟ್ಟಿಯಲ್ಲಿರುವ ಪದವಾದರೆ ತಿದ್ದುವುದು, ಇಲ್ಲವಾದರೆ ಮುಟ್ಟದೆ ಬಿಟ್ಟು, ಸಾಲಿನ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸುವುದು. ಉಪಕರಣ ಸುಮ್ಮನಿರಬೇಕಾದ ಕಡೆ ಸುಮ್ಮನಿದೆಯೇ ಎಂಬುದೂ ಪರೀಕ್ಷೆಯ ವಿಷಯವೇ.

೬. ಶೆಲ್ ಸ್ಕ್ರಿಪ್ಟ್‌ನ ರಚನೆ

ಪ್ರತಿ ಪ್ರಕರಣಕ್ಕೆ ಒಂದು ಕಡತಕೋಶ. ಅದರಲ್ಲಿ ಮೂರು ಕಡತಗಳು: ಒಳಪಠ್ಯ, ನಿರೀಕ್ಷಿತ ಪಠ್ಯ, ಮತ್ತು ಆ ಪ್ರಕರಣ ಏಕಿದೆ ಎಂಬುದನ್ನು ಎರಡು ಸಾಲಿನಲ್ಲಿ ಹೇಳುವ ವೃತ್ತಿ. ಶೆಲ್ ಸ್ಕ್ರಿಪ್ಟ್ ಈ ಕೋಶಗಳನ್ನು ಒಂದೊಂದಾಗಿ ತೆಗೆದುಕೊಂಡು, ಒಳಪಠ್ಯವನ್ನು ಉಪಕರಣಕ್ಕೆ ಕೊಟ್ಟು, ಬಂದದ್ದನ್ನು ತಾತ್ಕಾಲಿಕ ಕಡತದಲ್ಲಿಟ್ಟು, ನಿರೀಕ್ಷಿತ ಪಠ್ಯದೊಡನೆ ಹೋಲಿಸುತ್ತದೆ. ಹೊಂದದಿದ್ದರೆ ಪ್ರಕರಣದ ಹೆಸರು, ವೃತ್ತಿ ಮತ್ತು ಭೇದವನ್ನು ಮುದ್ರಿಸುತ್ತದೆ. ಕೊನೆಯಲ್ಲಿ ಎಲ್ಲವೂ ಹೊಂದಿದ್ದರೆ ಸೊನ್ನೆಯನ್ನು, ಒಂದಾದರೂ ತಪ್ಪಿದ್ದರೆ ಬೇರೆ ಸಂಖ್ಯೆಯನ್ನು ನಿರ್ಗಮನ ಸ್ಥಿತಿಯಾಗಿ ಕೊಡುತ್ತದೆ. ಇಷ್ಟಕ್ಕೆ ಇಪ್ಪತ್ತು ಮೂವತ್ತು ಸಾಲುಗಳು ಸಾಕು. ಎಚ್ಚರ ವಹಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು ಲೊಕೇಲ್. ಯುಟಿಎಫ್-೮ ಲೊಕೇಲ್‌ನಲ್ಲಿ ‘ಯಾವುದಾದರೂ ಒಂದು ವರ್ಣ’ ಎಂಬ ಚಿಹ್ನೆ ‘ಕ’ದೊಡನೆ ಒಮ್ಮೆ ಹೊಂದುತ್ತದೆ, ಸಿ ಲೊಕೇಲ್‌ನಲ್ಲಿ ಮೂರು ಬೈಟ್‌ಗಳೊಡನೆ ಮೂರು ಬಾರಿ ಹೊಂದುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಕನ್ನಡ ಅಂಕಿಗಳ ವ್ಯಾಪ್ತಿಯನ್ನು ಚೌಕಾವರಣದಲ್ಲಿ ಬರೆದು ಸಿ ಲೊಕೇಲ್‌ನಲ್ಲಿ ಅಳಿಸಿದರೆ, ಅಂಕಿಗಳ ಜೊತೆಗೆ ಪ್ರತಿ ಕನ್ನಡ ಅಕ್ಷರದ ಮೊದಲ ಬೈಟ್ ಕೂಡ ಅಳಿದು ಪಠ್ಯವೆಲ್ಲ ಚೂರಾಗುತ್ತದೆ. ಬೇಕಾದ ಲೊಕೇಲ್ ಗಣಕದಲ್ಲಿ ಸ್ಥಾಪಿತವಾಗಿಲ್ಲದಿದ್ದರೆ ಉಪಕರಣವು ಸದ್ದಿಲ್ಲದೆ ಸಿ ಲೊಕೇಲ್‌ನಲ್ಲಿಯೇ ನಡೆಯಬಹುದು. ಆದ್ದರಿಂದ ಎಲ್ಲಕ್ಕೂ ಮೊದಲು, ‘ಕ’ವನ್ನು ಕೊಟ್ಟು ಪ್ರತಿ ವರ್ಣಕ್ಕೂ ಒಂದು ಚುಕ್ಕೆ ಹಾಕಿಸಬೇಕು. ಒಂದು ಚುಕ್ಕೆ ಬಂದರೆ ಮುಂದುವರಿಯಬೇಕು. ಮೂರು ಬಂದರೆ ಅಲ್ಲಿಯೇ ನಿಲ್ಲಿಸಬೇಕು.

ಎರಡನೆಯದು ಹೋಲಿಕೆ. ಆದೇಶದ ಫಲವನ್ನು ಶೆಲ್ ಚರಾಂಶದಲ್ಲಿ ಹಿಡಿದರೆ ಕೊನೆಯ ಖಾಲಿ ಸಾಲುಗಳು ಕಳೆದುಹೋಗುತ್ತವೆ. ಆದ್ದರಿಂದ ಚರಾಂಶಗಳನ್ನಲ್ಲ, ಕಡತಗಳನ್ನೇ ಹೋಲಿಸಬೇಕು. ಡಿಫ್ ತೋರಿಸುವ ಎರಡು ಸಾಲುಗಳು ಕಣ್ಣಿಗೆ ಒಂದೇ ಆಗಿ ಕಾಣಬಹುದಾದುದರಿಂದ ಬೈಟ್‌ಗಳ ಮೌಲ್ಯವನ್ನೂ ಮುದ್ರಿಸಬೇಕು.

ಮೂರನೆಯದು ಪೈಪ್. ಹಲವು ಆದೇಶಗಳನ್ನು ಪೈಪ್ ಮೂಲಕ ಜೋಡಿಸಿದಾಗ ಶೆಲ್ ಸಾಮಾನ್ಯವಾಗಿ ಕೊನೆಯ ಆದೇಶದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ನಡುವಿನ ಸೆಡ್ ವಿಫಲವಾದರೂ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆಯ್ಕೆಯಿಂದ ಇದನ್ನು ತಡೆಯಬಹುದು.

ನಾಲ್ಕನೆಯದು ಸೆಡ್‌ನ ಭೇದಗಳು. ಕಡತವನ್ನು ಇದ್ದಲ್ಲೇ ತಿದ್ದುವ ಆಯ್ಕೆ ಲಿನಕ್ಸ್‌ನ ಗ್ನೂ ಸೆಡ್‌ನಲ್ಲಿ ಒಂದು ಬಗೆ, ಮ್ಯಾಕ್‌ನ ಸೆಡ್‌ನಲ್ಲಿ ಇನ್ನೊಂದು ಬಗೆ. ಪದದ ಗಡಿಯನ್ನು ಸೂಚಿಸುವ ಚಿಹ್ನೆಗಳೂ ಎಲ್ಲ ಕಡೆ ಒಂದೇ ಅಲ್ಲ. ಯುನಿಕೋಡ್‌ನಲ್ಲಿ ವಿರಾಮಚಿಹ್ನೆಗೆ ಅಕ್ಷರಗುಣವಿಲ್ಲ. ಅಕ್ಷರಗುಣವನ್ನಷ್ಟೇ ನೋಡಿ ಪದವನ್ನು ಗುರುತಿಸುವ ಉಪಕರಣಕ್ಕೆ ‘ಚಿತ್ತವಾಡ್ಗಿ’ ಒಂದು ಪದವಾಗಿ ಉಳಿಯುವುದಿಲ್ಲ. ಗಡಿಯನ್ನು ನಾವೇ ಸ್ಪಷ್ಟವಾಗಿ ಬರೆಯುವುದು ಲೇಸು.

ಐದನೆಯದು ಪುನರಾವೃತ್ತಿ. ಒಮ್ಮೆ ತಿದ್ದಿದ ಪಠ್ಯವನ್ನು ಅದೇ ಉಪಕರಣಕ್ಕೆ ಮತ್ತೆ ಕೊಟ್ಟರೆ ಅದು ಬದಲಾಗಬಾರದು. ಇದಕ್ಕೆ ಬೇರೆ ನಿರೀಕ್ಷಿತ ಪಠ್ಯ ಬೇಕಿಲ್ಲ. ಇದ್ದ ಪ್ರಕರಣಗಳನ್ನೇ ಎರಡು ಬಾರಿ ಹಾಯಿಸಿದರೆ ಸಾಕು. ನಿಯಮಗಳ ಅನುಕ್ರಮದ ದೋಷಗಳು ಹಲವು ವೇಳೆ ಇಲ್ಲಿ ಬಯಲಾಗುತ್ತವೆ.

೭. ಏನನ್ನು ಉಳಿಸಬೇಕು: ಚಿತ್ತವಾಡ್ಗಿಯ ನಿದರ್ಶನ

ಇದುವರೆಗಿನ ಪ್ರಕರಣಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದು ವಿವಾದಾತೀತ. ಎಲ್ಲ ಕಡೆ ಹಾಗಿರುವುದಿಲ್ಲ. ಹೊಸಪೇಟೆಗೆ ಹೊಂದಿಕೊಂಡಿರುವ ಚಿತ್ತವಾಡ್ಗಿಯ ಹೆಸರನ್ನು ಮೂರು ಬಗೆಯಲ್ಲಿ ಬರೆಯಬಹುದು: ಡಕಾರಕ್ಕೆ ಗಕಾರದ ಒತ್ತು ಕೊಟ್ಟು ‘ಚಿತ್ತವಾಡ್ಗಿ’, ನಡುವೆ ಶೂನ್ಯಗಾತ್ರದ ಬೇರ್ಪಡಕವನ್ನಿಟ್ಟು, ಒತ್ತಿಲ್ಲದೆ ‘ಚಿತ್ತವಾಡ್‌ಗಿ’, ಮಧ್ಯಸ್ವರವನ್ನು ಉಳಿಸಿ ‘ಚಿತ್ತವಾಡಗಿ’.

ಮೊದಲೆರಡರ ನಡುವಿನ ಭೇದ ಲಿಪಿಯದು ಮಾತ್ರ. ಅವನ್ನು ಒಂದುಗೂಡಿಸಿದರೆ ಭಾಷಿಕ ಮಾಹಿತಿ ಏನೂ ನಷ್ಟವಾಗುವುದಿಲ್ಲ. ಮೂರನೆಯದರ ಭೇದ ಧ್ವನಿಯದು. ‘ಮಾಡಿದ’ ಎಂಬುದು ‘ಮಾಡ್ದ’ ಆಗುವಂಥ ಮಧ್ಯಸ್ವರಲೋಪವನ್ನು ಅಧ್ಯಯನ ಮಾಡುವವರಿಗೆ ‘ವಾಡಗಿ’ ಮತ್ತು ‘ವಾಡ್ಗಿ’ ಎಂಬ ರೂಪಗಳು ಎರಡು ಬೇರೆ ಸಾಕ್ಷ್ಯಗಳು. ಆದ್ದರಿಂದ ಮೂಲಪದರದ ಪ್ರಕರಣದಲ್ಲಿ ಒಳಪಠ್ಯಕ್ಕೆ ಮೂರು ರೂಪಗಳಿದ್ದರೆ, ನಿರೀಕ್ಷಿತ ಪಠ್ಯದಲ್ಲಿ ಎರಡು ರೂಪಗಳಿರಬೇಕು. ಒಂದೇ ಆದರೆ ಸಾಕ್ಷ್ಯ ನಾಶವಾಯಿತು. ಮೂರೂ ಉಳಿದರೆ ಎಣಿಕೆ ಕೆಟ್ಟಿತು.

ಇದರಿಂದ ‘ಬೇರ್ಪಡಕಗಳನ್ನೆಲ್ಲ ಅಳಿಸು’ ಎಂಬ ಸಾಮಾನ್ಯ ನಿಯಮ ಸರಿಯೆಂದು ತೋರಬಹುದು. ‘ರಾಜ್‌ಕುಮಾರ್’ ಎಂಬ ಹೆಸರನ್ನು ಕೋಶಕ್ಕೆ ಸೇರಿಸಿದೊಡನೆ ಆ ನಂಬಿಕೆ ಕುಸಿಯುತ್ತದೆ. ಅದು ಜಕಾರಕ್ಕೆ ಕಕಾರದ ಒತ್ತು ಬಂದು ‘ರಾಜ್ಕುಮಾರ್’ ಆಗುತ್ತದೆ. ಶೂನ್ಯಗಾತ್ರದ ಜೋಡಕವನ್ನೂ ಅಳಿಸಿದರೆ ‘ರ‍್ಯಾಂಕ್’ ಎಂಬುದರ ಮೊದಲಕ್ಷರವೇ ಅರ್ಕಾವತ್ತಾಗಿ ‘ರ್ಯಾಂಕ್’ ಆಗುತ್ತದೆ. ಒಂದು ಊರಿನ ಹೆಸರಿಗೆ ಹೊಂದಿದ ನಿಯಮ ಭಾಷೆಗೆಲ್ಲ ಹೊಂದುವುದಿಲ್ಲ. ಉತ್ಸರ್ಗ ಮತ್ತು ಅಪವಾದಗಳ ಗಡಿಯನ್ನು ಗುರುತಿಸುವುದು ಪ್ರಕರಣಗಳೇ.

ಪಠ್ಯದ ಜೊತೆಗಿನ ವಿವರಗಳಿಗೂ ಇದೇ ಮಾತು ಸಲ್ಲುತ್ತದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ದಾಖಲೆಗಳಲ್ಲಿನ ‘ಬಳ್ಳಾರಿ ಜಿಲ್ಲೆ’ಯನ್ನು ‘ವಿಜಯನಗರ ಜಿಲ್ಲೆ’ ಎಂದು ಒಂದೇ ಆದೇಶದಲ್ಲಿ ಬದಲಿಸಿದರೆ ಸಂಡೂರಿನ ಮಾತುಗಾರರೆಲ್ಲರೂ ಜಿಲ್ಲೆ ಬದಲಿಸಿಬಿಡುತ್ತಾರೆ. ಹೊಸಪೇಟೆಯ ಸಾಲು ಬದಲಾಗಬೇಕು, ಸಂಡೂರು ಮತ್ತು ಕಂಪ್ಲಿಯ ಸಾಲುಗಳು ಬದಲಾಗಬಾರದು, ಹಳೆಯ ಮುದ್ರಿತ ಗ್ರಂಥದ ಶೀರ್ಷಿಕೆಯಲ್ಲಿರುವ ಜಿಲ್ಲೆಯ ಹೆಸರೂ ಬದಲಾಗಬಾರದು: ಈ ನಾಲ್ಕು ಸಾಲುಗಳ ಪ್ರಕರಣ ಆ ಅನಾಹುತವನ್ನು ತಡೆಯುತ್ತದೆ.

೮. ಉಪಸಂಹಾರ

ಸಂಶೋಧನ ವಿದ್ಯಾರ್ಥಿಗಳು ಅನುಸರಿಸಬಹುದಾದ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ದೋಷವೊಂದು ಕಂಡಾಗ ಮೊದಲು ನಿಯಮವನ್ನು ತಿದ್ದಬಾರದು. ಆ ದೋಷವನ್ನು ಪ್ರಕರಣವಾಗಿ ಬರೆದು, ಪರೀಕ್ಷೆ ಅಲ್ಲಿ ವಿಫಲವಾಗುವುದನ್ನು ನೋಡಿ, ಆಮೇಲೆ ತಿದ್ದಬೇಕು. ವಿಫಲವಾಗಿ ತೋರಿಸದ ಪ್ರಕರಣ ಏನನ್ನಾದರೂ ಪರೀಕ್ಷಿಸುತ್ತಿದೆ ಎನ್ನಲು ಆಧಾರವಿಲ್ಲ. ನಿರೀಕ್ಷಿತ ಪಠ್ಯವನ್ನು ಭಾಷೆ ಬಲ್ಲವರು ನಿರ್ಧರಿಸಬೇಕು. ಉಪಕರಣ ಕೊಟ್ಟದ್ದನ್ನೇ ನಿರೀಕ್ಷಿತವೆಂದು ನಕಲಿಸಿದರೆ ಪರೀಕ್ಷೆ ಯಾವಾಗಲೂ ಗೆಲ್ಲುತ್ತದೆ, ಏನನ್ನೂ ಹೇಳುವುದಿಲ್ಲ. ಒಂದು ಉದಾಹರಣೆ ಸೇರಿಸಿದಾಗಲೆಲ್ಲ ಒಂದು ಪ್ರತ್ಯುದಾಹರಣೆಯನ್ನೂ ಸೇರಿಸಬೇಕು. ಮೂಲಪಠ್ಯವನ್ನು ಎಂದೂ ಇದ್ದಲ್ಲೇ ತಿದ್ದಬಾರದು.

ಪ್ರಬಂಧದೊಡನೆ ಪಠ್ಯಸಂಚಯವನ್ನು ಪ್ರಕಟಿಸುವಾಗ ಸ್ಕ್ರಿಪ್ಟ್ ಮತ್ತು ಪರೀಕ್ಷಾಕೋಶಗಳನ್ನೂ ಸೇರಿಸಿದರೆ, ಯಾವ ಭೇದಗಳನ್ನು ಲಿಪಿಯ ಭೇದಗಳೆಂದು ಅಳಿಸಲಾಗಿದೆ, ಯಾವುವನ್ನು ಭಾಷೆಯ ಭೇದಗಳೆಂದು ಉಳಿಸಲಾಗಿದೆ ಎಂಬುದನ್ನು ಓದುಗರು ತಾವೇ ಪರಿಶೀಲಿಸಬಹುದು, ಒಪ್ಪದಿದ್ದರೆ ಒಂದು ಪ್ರತ್ಯುದಾಹರಣೆ ಸೇರಿಸಿ ಪ್ರಶ್ನಿಸಬಹುದು. ವ್ಯಾಕರಣದ ಸೂತ್ರವನ್ನು ಪ್ರಯೋಗದ ಬಲದಿಂದ ಒಪ್ಪುವ ಅಥವಾ ತಳ್ಳಿಹಾಕುವ ಪರಂಪರೆ ನಮ್ಮದು. ಪಠ್ಯವನ್ನು ತಿದ್ದುವ ಸ್ಕ್ರಿಪ್ಟ್ ಅದರಿಂದ ಹೊರತಾಗಲು ಕಾರಣವಿಲ್ಲ.